ಬೆಳ್ಳಿರಾಯನ ಮೊಸರು ಪಾತ್ರೆ

ಆ ದಿನವೂ ಮೊಸರಾಗಿರಲಿಲ್ಲ. ತಾಯಿ ಮುಚ್ಚಳ ತೆಗೆದು, ಪಾತ್ರೆಯನ್ನು ಓರೆ ಮಾಡಿ ನೋಡಿದರು. ರಾತ್ರಿ ಹೆಪ್ಪು ಹಾಕಿದ್ದ ಹಾಲು ನಾಚಿಕೆಯಿಲ್ಲದೆ ಹಾಲಾಗಿಯೇ ಅತ್ತಿಂದಿತ್ತ ಓಡಾಡಿತು.

"ಹಾಲು ಸರಿಯಾಗಿ ಕಾಯಿಸಿರಲ್ಲ ನೀನು," ಎಂದರು ತಾಯಿ, ಸೊಸೆಯ ಕಡೆ ತಿರುಗಿ.

"ಕಾಯಿಸಿದ್ದು ನಾನು, ಹೆಪ್ಪು ಹಾಕಿದ್ದು ನೀವು ಅತ್ತೆ," ಎಂದಳು ಸೊಸೆ.

ಇಬ್ಬರ ನಡುವೆ ಕೂತು ಚಹಾ ಕುಡಿಯುತ್ತಿದ್ದವನು ಮಗ ಬೆಳ್ಳಿರಾಯ. ಹೆಸರು ಕೇಳಿ ದೊಡ್ಡ ಸಿರಿವಂತ ಅಂದುಕೊಳ್ಳಬೇಡಿ. ರೋಗಿಗಳ ಮೈಯೊಳಗೆ ಹಾಕುವ ಟ್ಯೂಬುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಅವನ ಕೆಲಸ. ಬ್ಯಾಕ್ಟೀರಿಯಾ ಹತ್ತದಂತೆ ಆ ಟ್ಯೂಬುಗಳಿಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಬೆಳ್ಳಿಯ ಲೇಪ ಕೊಡುವುದು. ಜೊತೆಯವರು ಹಾಗಾಗಿ ಈ ಹೆಸರಿಟ್ಟಿದ್ದರು. (ಮನೆಯಲ್ಲಿ ನೋಡಿದರೆ ಬೆಳ್ಳಿಯ ಒಂದು ಚಮಚಕ್ಕೂ ಗತಿಯಿಲ್ಲ.)

ಅವನ ಹೊಸ ಲೇಪ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ತೊಳೆದರೆ ನಿಲ್ಲುತ್ತದೋ ಇಲ್ಲವೋ ಎನ್ನುವುದೇ ಪ್ರಶ್ನೆ. ಅದನ್ನು ಪರೀಕ್ಷಿಸುವ ಯಂತ್ರ ಕೆಟ್ಟು ಮೂಲೆ ಹಿಡಿದಿತ್ತು. ಇತ್ತ ಆಸ್ಪತ್ರೆಯವರು ನೋಡಲು ಬರುವ ದಿನ ಹತ್ತಿರವಾಗುತ್ತಿತ್ತು. ಅವರು ಒಪ್ಪಿದರೆ ಬಹುಕಾಲದಿಂದ ತೂಗಾಡುತ್ತಿದ್ದ ಅವನ ನೌಕರಿ ಕಾಯಂ! ಆಗ ಬೆಳ್ಳಿರಾಯನಿಗೊಂದು ದಿವ್ಯಜ್ಞಾನ ಹೊಳೆಯಿತು. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ ತಾನೆ? ಗುಟ್ಟಾಗಿ ಮನೆಯ ಮೊಸರು ಪಾತ್ರೆಯ ಒಳಗೆ ಲೇಪ ಕೊಟ್ಟುಬಿಟ್ಟ. ತೊಳೆಯುವ ಯಂತ್ರವಂತೂ ಮನೆಯಲ್ಲೇ ಇತ್ತು. ಊಟವಾದ ಮೇಲೆ ಪಾತ್ರೆ ತಿಕ್ಕುವವನು ಅವನೇ. ಎಷ್ಟು ತಿಕ್ಕಿದರೂ ಮೊಸರಾಗದಿದ್ದರೆ ಲೇಪ ಗಟ್ಟಿ ಎಂದರ್ಥ. ಬಾಯಿಬಿಟ್ಟರೆ ಪಾತ್ರೆ ಬದಲಾಗುತ್ತದೆ ಎಂದು ಸುಮ್ಮನಿದ್ದ. ಆ ಹಾಲನ್ನು ಮಾತ್ರ ಯಾರೂ ಕುಡಿಯದಂತೆ ತಾನೇ ಚೆಲ್ಲಿಬರುತ್ತಿದ್ದ.

ಆದರೆ ಈ ಸಲ ತಾಯಿ ಜಗಳ ಮುಂದುವರಿಸಲಿಲ್ಲ. ಗೋಡೆಗೊರಗಿ ಕೂತು ತಮ್ಮ ಅಂಗೈಯನ್ನೇ ನೋಡಿಕೊಂಡರು.

"ನನ್ನ ಕೈಗುಣ ಹೋಯ್ತು ಕಣೋ. ಇನ್ನು ಈ ಮನೇಲಿ ನಾನು ಯಾವ ಕೆಲಸಕ್ಕಿದ್ದೀನಿ ಹೇಳು," ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಬೆಳ್ಳಿರಾಯ ಚಹಾದ ಲೋಟ ಕೆಳಗಿಟ್ಟ. ಅವನಿಗೂ ಸಾಕುಸಾಕಾಗಿತ್ತು. ಹಗಲೆಲ್ಲ ಮ್ಯಾನೇಜರರ ಸಿಡುಕು ಮುಖ, ಮನೆಗೆ ಬಂದರೆ ಎರಡು ಊದಿದ ಮುಖ. ಆಸ್ಪತ್ರೆಯವರು ಬರುವುದು ಮರುದಿನವೇ. ಅದೊಂದು ಮುಗಿಯಲಿ, ಎಲ್ಲ ಹೇಳಿ ಕಾಲಿಗೆ ಬೀಳುತ್ತೇನೆ ಎಂದುಕೊಂಡ.

ಮರುದಿನ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ನಗು ಕೇಳಿಸಿತು.

"ಬಾರೋ, ಬಾ! ಸೌಟು ನೆಟ್ಟಗೆ ನಿಲ್ಲತ್ತೆ ನೋಡು!" ಎಂದು ತಾಯಿ ಕೂಗಿದರು. ನಿಜವೇ. ಅದೇ ಪಾತ್ರೆ, ಅದರ ತುಂಬ ಗಟ್ಟಿ ಮೊಸರು.

ಅಂದರೆ ಲೇಪ ತೊಳೆದುಹೋಗಿದೆ ಎಂದುಕೊಂಡ ಬೆಳ್ಳಿರಾಯ. ಹೊರಗೆ ಬಂದು ಮ್ಯಾನೇಜರರಿಗೆ ಫೋನು ಮಾಡಿದ.

"ಸಾರ್, ಲೇಪ ನಿಲ್ತಿಲ್ಲ. ಆಸ್ಪತ್ರೆಯವರಿಗೆ ಬರೋದು ಬೇಡ ಅಂದ್ಬಿಡಿ. ರೋಗಿಗಳ ಮೈಯೊಳಗೆ ಹೋಗೋ ವಸ್ತು, ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ."

ಫೋನಿಟ್ಟು ತಿರುಗಿದರೆ ಹಿಂದೆ ಹೆಂಡತಿ. ಒಳಗೊಮ್ಮೆ ಇಣುಕಿ ಪಿಸುಗುಟ್ಟಿದಳು: "ರೀ, ಅತ್ತೆಗೆ ಹೇಳ್ಬೇಡಿ. ಅದು ಅಂಗಡಿ ಮೊಸರು. ನಿನ್ನೆ ಅವರು ಅತ್ತಿದ್ದು ನೋಡೋಕಾಗ್ಲಿಲ್ಲ. ಅವರು ಏಳೋಕೆ ಮುಂಚೆ ಪಾತ್ರೇಲಿದ್ದದ್ದನ್ನ ಚೆಲ್ಲಿ ಇದನ್ನ ತುಂಬಿಸಿದೆ."

"ಪಾತ್ರೇಲಿದ್ದದ್ದು... ಹೇಗಿತ್ತು?"

"ಹೇಗಿರತ್ತೆ? ದಿನಾ ಇರೋ ಹಾಗೇ, ಹಾಲು!"

ಬೆಳ್ಳಿರಾಯ ಮತ್ತೆ ಫೋನು ಮಾಡಿದ. ಲೇಪ ಗಟ್ಟಿಯಾಗಿಯೇ ಇದೆಯಂತೆ ಎಂದ.

"ಏನ್ರೀ, ತಮಾಷೆನಾ?" ಎಂದರು ಮ್ಯಾನೇಜರು. "ಅವರಾಗ್ಲೇ ಬೇರೆ ಕಾರ್ಖಾನೆ ಕಡೆ ಹೊರಟ್ರಂತೆ. ಚಹಾ ಆರೋದ್ರೊಳಗೆ ಲೇಪ ಗಟ್ಟಿಯಾಯ್ತು ಅಂದ್ರೆ ನನ್ನ ಮುಖಕ್ಕೆ ಉಗೀತಾರೆ. ಏನಾಯ್ತು ಅಂತ ಹೇಳ್ಲಿ?"

ಬೆಳ್ಳಿರಾಯ ಹೆಂಡತಿಯನ್ನು ನೋಡಿದ. ಅವಳು ತುಟಿಯ ಮೇಲೆ ಬೆರಳಿಟ್ಟಳು. ತಾನು ಮಾಡಿದ ಘನಕಾರ್ಯ ನೆನಪಾಗಿ ಅವಳ ಮೇಲೆ ರೇಗುವುದಕ್ಕೂ ಬಾಯಿ ಬರಲಿಲ್ಲ.

"ಏನಿಲ್ಲ ಸಾರ್," ಎಂದು ಫೋನಿಟ್ಟ.

ತಾಯಿ ಅವನನ್ನು ಕೂರಿಸಿ ಎರಡು ಸೌಟು ಮೊಸರು ಬಡಿಸಿದರು. ಮಗ ಚಪ್ಪರಿಸುವುದನ್ನೇ ಕಾಯುತ್ತಾ ಎದುರಿಗೆ ಕೂತರು. ಅವನು ಕಣ್ಣು ಮುಚ್ಚಿ ನುಂಗಿ, ಚೆನ್ನಾಗಿದೆಯಮ್ಮ ಎಂದ. ತಾಯಿಯ ಮುಖ ಅರಳಿತು.

"ಈ ಪಾತ್ರೆ ನನಗೆ ಒಗ್ಗಿದೆ ಕಣೋ. ಇನ್ಮೇಲೆ ಇದರಲ್ಲೇ ಹೆಪ್ಪು ಹಾಕ್ತೀನಿ, ಬೇರೆ ಪಾತ್ರೆ ಮುಟ್ಟಲ್ಲ!"

ಆ ಸಂಜೆ ಬೆಳ್ಳಿರಾಯ ಪಾತ್ರೆ ತಿಕ್ಕಲು ಕೂತವನು ಏಳಲೇ ಇಲ್ಲ. ತಂತಿ ಬ್ರಷ್ಷಿನಲ್ಲಿ ತಿಕ್ಕಿದ, ಮರಳು ಹಾಕಿ ತಿಕ್ಕಿದ, ಹಲ್ಲು ಕಚ್ಚಿ ತಿಕ್ಕಿದ. ಮರುದಿನ ಬೆಳಗ್ಗೆ, ಅಂಗಡಿಯ ಬಾಗಿಲು ತೆರೆಯುವ ಮೊದಲೇ, ಮೊಸರಿಗೆಂದು ಚೀಲ ಹಿಡಿದು ಎದುರು ನಿಂತಿದ್ದವನು ಅವನೊಬ್ಬನೇ.