ಬೆಟಗೇರಿಯ ಬ್ರೌನಿರಕ್ಷಣ ಪರ್ವ

ಸ್ವಸ್ತಿ. ದೇವಾಸುರರು ಕಡಲು ಕಡೆದ ಕೃತಯುಗವಲ್ಲ, ಕಪಿಗಳು ಸೇತುವೆ ಕಟ್ಟಿದ ತ್ರೇತೆಯಲ್ಲ, ದಾಯಾದಿಗಳು ಕಾದಾಡಿದ ದ್ವಾಪರವೂ ಅಲ್ಲ. ಅಂಗೈಯಗಲದ ಗಾಜಿನೊಳಗೆ ಅಖಿಲ ಭೂಮಂಡಲದ ಅಡುಗೆಮನೆಗಳು ತೆರೆದುಕೊಳ್ಳುವ, ಓವನ್ನುಳ್ಳವರು ಓವನ್ನಿಲ್ಲದವರನ್ನು ಕನಿಕರದಿಂದ ನೋಡುವ ಈ ಕಲಿಯುಗದಲ್ಲಿ, ಬೆಟಗೇರಿಯ ನೇಕಾರ ಓಣಿಯೊಂದರಲ್ಲಿ, ಸಮಸ್ತ-ಗೃಹಕೃತ್ಯ-ಭಾರಧಾರಿಣಿಯೂ, ಸಿಲಿಂಡರ್-ಕ್ಷಯ-ಪೂರ್ವಜ್ಞಾನ-ಸಂಪನ್ನೆಯೂ, ಹಾಲಿನ ಕೆನೆಯನ್ನು ದಿನದಿನವೂ ಕೂಡಿಟ್ಟು ಬೆಟ್ಟವೆಬ್ಬಿಸುವ ಮಿತವ್ಯಯ-ಚಕ್ರವರ್ತಿನಿಯೂ ಆದ ನೀಲಗಂಗಾ ಎಂಬ ವೀರಾಂಗನೆ ಇದ್ದಳು. ಎಲೌ ವಾಗ್ದೇವಿ, ಅವಳ ಪರಾಕ್ರಮವನ್ನು ಹಾಡಲು ನಾಲಗೆಯ ಮೇಲೆ ಬಂದು ನೆಲೆಸು. ಆದರೆ ನಾಲಗೆಯನ್ನು ಅಂಕೆಯಲ್ಲಿಡು. ಈ ಕಥೆಯ ಅನರ್ಥವೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಯುದ್ಧದ ಬೀಜ ಬಿದ್ದದ್ದು ನೆಂಟರೊಬ್ಬರ ಮನೆಯ ಕುಬಸದಲ್ಲಿ. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಎತ್ತಿದ ಮೇಲೆ, ನೀಲಗಂಗೆಯ ಗಂಡನ ಅಣ್ಣನ ಹೆಂಡತಿ ಅನ್ನಪೂರ್ಣಾ, ಹುಬ್ಬಳ್ಳಿ-ಪುರ-ನಿವಾಸಿನಿ, ವಿದ್ಯುದ್-ಓವನ್-ಸ್ವಾಮಿನಿ, ತಾನು ಮಾಡಿ ತಂದ ಬ್ರೌನಿಗಳನ್ನು ಕರ್ಣನು ಕವಚ ದಾನಗೈದ ಗಾಂಭೀರ್ಯದಿಂದ ಹಂಚಿದಳು. ನೀಲಗಂಗಾ ಒಂದು ತುಂಡು ತಿಂದಳು. ತಿಂದು ಸುಮ್ಮನಿರಬೇಕಿತ್ತು.

"ಚಲೋ ಆಗ್ಯಾವ ಅಕ್ಕಾರ. ನಾನೂ ಒಮ್ಮೆ ಮಾಡ್ತೀನಿ."

"ನೀ? ಯಾತರಾಗ ಮಾಡ್ತೀ?"

"ಕುಕ್ಕರಿನ್ಯಾಗ."

ಅನ್ನಪೂರ್ಣೆ ಸುತ್ತ ಕುಳಿತ ಹೆಂಗಸರನ್ನು ಸಾಕ್ಷಿಗೆ ಕರೆಯುವಂತೆ ನೋಡಿದಳು. "ಕೇಳಿದ್ರ್ಯಾ? ಹುಚ್ಚಿ, ಕುಕ್ಕರಿನ್ಯಾಗ ಬ್ಯಾಳಿ ಬೇಯ್ತದ. ಬ್ರೌನಿಗೆ ಓವನ್ ಬೇಕು, ಡಾರ್ಕ್ ಚಾಕ್ಲೇಟ್ ಬೇಕು, ಅಕ್ರೋಟ ಬೇಕು. ಹ್ಯಾಂಗೋ ಮಾಡಿದಿ ಅಂತ ತಿಳಿ, ಮರುದಿನಾನ ಬೂಷ್ಟ್ ಹಿಡೀತದ."

ಅರಿಶಿನ ಹಚ್ಚಿದ ಕೆನ್ನೆಗಳೆಲ್ಲ ನಕ್ಕವು. ಆಗ ನೀಲಗಂಗೆಯ ಎದೆಯೊಳಗೆ ಒಂದು ವೀರವಾಣಿ ಮೊಳಗಿತು: 'ಎಲೌ ಓವನ್-ಮದೋನ್ಮತ್ತೆ! ಅಗ್ನಿಯು ನಿನ್ನ ಮನೆಯ ಪ್ಲಗ್ಗಿಗೆ ಮಾತ್ರ ಒಲಿದವನೆಂದು ಬಗೆದೆಯಾ? ಬೇಳೆ ಬೇಯಿಸುವ ಈ ಅಲ್ಯೂಮಿನಿಯಮ್ ಗರ್ಭದಿಂದಲೇ ನಿನ್ನ ಗರ್ವಭಂಜನನನ್ನು ಹಡೆಯದಿದ್ದರೆ ನಾನು ಇನ್ನು ಸೌಟು ಹಿಡಿಯೆ!' ಆದರೆ ಎದೆಯಿಂದ ಬಾಯಿಗೆ ಬರುವ ದಾರಿಯಲ್ಲಿ ಮಾತು ಸೊರಗಿತು.

"ಬರೂ ರವಿವಾರ ಮನಿಗೆ ಬರ್ರಿ ಅಕ್ಕಾರ, ತಿನ್ನಸ್ತೀನಿ," ಎಂದಳು.

ಅವಳಿಗೆ ಬೇಕಿದ್ದದ್ದು ರಾಜ್ಯವಲ್ಲ, ಕೋಶವಲ್ಲ. ಮದುವೆಯಾಗಿ ಬಂದಾಗಿನಿಂದ ಹಿರಿಯ ನೆಗೆಣ್ಣಿಯ ಬಾಯಿಂದ 'ಚಲೋ ಆಗ್ಯದ' ಎಂಬ ಎರಡು ಶಬ್ದ ಅವಳ ಕಿವಿಗೆ ಬಿದ್ದಿರಲಿಲ್ಲ. ಹೋಳಿಗೆ ಮಾಡಿದರೆ "ಇನ್ನಷ್ಟ ತೆಳ್ಳಗ ಆಗಬೇಕಿತ್ತು", ಎಣ್ಣೆಗಾಯಿ ಮಾಡಿದರೆ "ನಮ್ಮ ಕಡೆ ಹಿಂಗ ಮಾಡಂಗಿಲ್ಲ", ಉಪ್ಪಿಟ್ಟು ಮಾಡಿದರೆ ಬರೀ ಒಂದು ಮೌನ. ಆ ಎರಡು ಶಬ್ದಗಳಿಗಾಗಿ ಅವಳು ಈಗ ಕಂಕಣ ಕಟ್ಟಿದಳು.

ಆದರೆ ಆ ಮನೆಯಲ್ಲಿದ್ದದ್ದು ಒಂದೇ ಕುಕ್ಕರು. ಅದರ ಮೇಲಿನ ಸಾರ್ವಭೌಮತ್ವ ಅತ್ತೆ ಬಸಲಿಂಗವ್ವನದು. ವಾರವಿಡೀ ಅದರೊಳಗೆ ಬೇಳೆ ಕುದಿದು ಕೂಗುತ್ತಿತ್ತು. ಸೋಮವಾರ ಮಾತ್ರ ಬಸಲಿಂಗವ್ವನಿಗೆ ಒಪ್ಪತ್ತು, ಮನೆಯವರಿಗೆ ರೊಟ್ಟಿ-ಚಟ್ನಿ, ಕುಕ್ಕರಿಗೆ ರಜೆ. ಹೀಗಾಗಿ ರವಿವಾರದ ಬ್ರೌನಿ ಸೋಮವಾರವೇ ಹುಟ್ಟಬೇಕು. ಹುಟ್ಟಿ, ವಾರವಿಡೀ ಬದುಕಬೇಕು.

ಸೋಮವಾರ ನೀಲಗಂಗಾ ಕುಕ್ಕರಿಗೆ ಕೈ ಹಾಕಿದಾಗ ಬಸಲಿಂಗವ್ವ ಕಟ್ಟೆಯ ಮೇಲಿಂದಲೇ ಗರ್ಜಿಸಿದಳು.

"ಇವತ್ತ ಬ್ಯಾಳಿ ಇಲ್ಲಲ್ಲವಾ, ಅದನ್ಯಾಕ ಇಳಸಾಕತ್ತೀ?"

"ಹುಬ್ಬಳ್ಳಿ ಅಕ್ಕಾರು ಬರ್ತಾರಲ್ರಿ ಅತ್ತಿ, ಅವರಿಗೆ ಬ್ರೌನಿ ಮಾಡಬೇಕು."

"ಅದಕ್ಕ ನೀರ ಎಷ್ಟ ಹಾಕ್ತಿ?"

"ನೀರ ಹಾಕಂಗಿಲ್ರಿ. ತಳದಾಗ ಉಪ್ಪ ಹಾಸಿ ಕಾಯಸೂದು, ಮ್ಯಾಲ ಡಬ್ಬಿ ಇಡೂದು."

"ನೀರಿಲ್ಲದ ಒಲಿಮ್ಯಾಲ ಇಡ್ತೀ? ಉಪ್ಪ ಹುರೀತೀ?" ಬಸಲಿಂಗವ್ವ ಎದ್ದಳು, ಎದ್ದ ರಭಸಕ್ಕೆ ಮೊಣಕಾಲುಗಳು ರಣಭೇರಿಯಂತೆ ಶಬ್ದ ಮಾಡಿದವು. "ನನ್ನ ಕುಕ್ಕರ್ ಕರ್ರಗಾತಂದ್ರ ಹೊಸಾದು ನಿನ್ನ ತವರಮನಿಯಿಂದ ಬರಬೇಕು, ಈಗ ಹೇಳಿರ್ತೀನಿ!"

ಹೀಗೆಂದವಳೇ ಮುಚ್ಚಳದ ರಬ್ಬರು ಉಂಗುರವನ್ನು ಕಿತ್ತು, ಸೀಟಿಯನ್ನು ಹಿರಿದು, ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ವೈರಿಯ ಪ್ರಾಣವಾಯುವನ್ನೇ ಸೆರೆಹಿಡಿದ ಹೆಮ್ಮೆ ಅವಳ ಮುಖದಲ್ಲಿ ಬೆಳಗಿತು. "ಈಗ ಹ್ಯಾಂಗ ಮಾಡ್ತಿ ಮಾಡು!"

ಅಯ್ಯೋ ವಿಧಿಯೇ! ಕುಕ್ಕರಿನಲ್ಲಿ ಬೇಕ್ ಮಾಡುವವರು ಮೊಟ್ಟಮೊದಲು ತೆಗೆದಿಡಬೇಕಾದದ್ದು ಆ ರಬ್ಬರನ್ನೂ ಆ ಸೀಟಿಯನ್ನೂ ಎಂಬುದು ಅವಳಿಗೆ ತಿಳಿದಿರಲಿಲ್ಲ. ನೀಲಗಂಗಾ ಸೋತವಳಂತೆ ತಲೆ ತಗ್ಗಿಸಿ ಕುಕ್ಕರನ್ನೆತ್ತಿಕೊಂಡು ನಡೆದಳು. ತಗ್ಗಿಸಿದ ಮುಖ ನಗುತ್ತಿತ್ತು.

ಆಮೇಲೆ ಯಜ್ಞ. ಸಿಲಿಂಡರಿನ ಹೆಗಲು ಹಿಡಿದು ಅಲುಗಿಸಿ ಅದರ ಉಳಿದ ಆಯುಷ್ಯವನ್ನು ಅಳೆದು, ಉರಿಯನ್ನು ಸಣ್ಣಗೆ ಮಾಡಿ, ಅವಳು ಸೇನೆಯನ್ನು ನೆರೆಯಿಸಿದಳು. ಬೆಣ್ಣೆಯ ಸ್ಥಾನದಲ್ಲಿ ಕೆನೆ, ಮೊಟ್ಟೆಯ ಸ್ಥಾನದಲ್ಲಿ ಮೊಸರು, ಡಾರ್ಕ್ ಚಾಕಲೇಟಿನ ಸ್ಥಾನದಲ್ಲಿ ಕೋಕೋಪುಡಿಗೆ ಬೆರೆತ ಚಿಟಿಕೆ ಕಾಫಿ, ಅಕ್ರೋಟದ ಸ್ಥಾನದಲ್ಲಿ ಚಟ್ನಿಗೆಂದು ಅತ್ತೆ ಹುರಿದಿಟ್ಟ ಶೇಂಗಾ. ಮೈದಾ, ಸಕ್ಕರೆಗಳನ್ನು ಬಿಟ್ಟರೆ ಆ ಸೇನೆಯಲ್ಲಿ ತನ್ನ ಹೆಸರಿನಲ್ಲೇ ಹೋರಾಡುವವರು ಯಾರೂ ಇರಲಿಲ್ಲ. ಆದರೂ ಚೌಕ ಡಬ್ಬಿಯೊಳಗೆ ಅವರೆಲ್ಲ ಒಂದಾದರು. ಡಬ್ಬಿ ಕುಕ್ಕರಿನ ಕಾದ ಉಪ್ಪಿನ ಮೇಲೆ ಕುಳಿತಿತು; ಬೆಂದಿತೋ ಎಂದು ನೋಡಲು ಕಡ್ಡಿಯೆಂಬ ಬಾಣವನ್ನು ಅವಳು ಹೂಡಿದಳು. ಕಡ್ಡಿಗೆ ಹಿಟ್ಟು ಅಂಟಿತು. ಮತ್ತೆ ಹೂಡಿದಳು, ಮತ್ತೆ ಅಂಟಿತು. ಶರಶಯ್ಯೆಯ ಪಿತಾಮಹನಂತೆ ಮೈಯೆಲ್ಲ ತೂತಾದ ಮೇಲೆ ಕಡ್ಡಿ ಒಣಗಿ ಹೊರಬಂದಿತು. ಘಮಲು ಓಣಿಯ ಮಗ್ಗಗಳನ್ನೂ ದಾಟಿ ಹೋಯಿತು. ಅದು ಬ್ರೌನಿಯೇ ಆಗಿತ್ತು.

ಪಡೆಯುವುದಕ್ಕಿಂತ ಕಾಯುವುದು ಕಷ್ಟ. ಫ್ರಿಜ್ಜಿನಲ್ಲಿ ಬೆಳ್ಳುಳ್ಳಿ ಚಟ್ನಿಯ ಏಕಚ್ಛತ್ರ ಆಳ್ವಿಕೆ. ಅಲ್ಲಿಗೆ ಹೋದ ಹಾಲು ಕೂಡ ಬೆಳ್ಳುಳ್ಳಿಯಾಗಿ ಹಿಂದಿರುಗುತ್ತಿತ್ತು. ಆದ್ದರಿಂದ ನೀಲಗಂಗಾ, ರುಚಿಗೆಂದು ಅಂಚಿನಿಂದ ಒಂದು ಚೂರು ಕತ್ತರಿಸಿಕೊಂಡು, ಉಳಿದದ್ದನ್ನು ತುಂಡು ಮಾಡದೆ ಇಡಿಯಾಗಿಯೇ, ತೊಳೆದು ಒಣಗಿಸಿದ ಬ್ರೆಡ್ಡಿನ ಚೀಲದಲ್ಲಿ ಸುತ್ತಿ, ಡಬ್ಬಿಯಲ್ಲಿ ಮುಚ್ಚಿ, ಆ ಡಬ್ಬಿಯನ್ನು ರೊಟ್ಟಿ ಹಿಟ್ಟು ನಾದುವ ಪರಾತದ ನಡುವೆ ಇಟ್ಟು, ಸುತ್ತ ನೀರು ತುಂಬಿದಳು. ದ್ವೀಪ, ದುರ್ಗ, ಅಗಳು ಎಲ್ಲ ಸಿದ್ಧವಾದವು.

ಅಂದೇ ಸಂಜೆ ಪಿಪೀಲಿಕಾ-ಚಕ್ರವ್ಯೂಹ ಗೋಡೆಯ ಬಿರುಕಿನಿಂದ ಇಳಿಯಿತು. ಮುಂಚೂಣಿಯ ಸೇನಾನಿಯೊಬ್ಬ ಪರಾತದ ಅಂಚಿಗೇರಿ, ಮೀಸೆ ಅಲುಗಿಸಿ, ಅಪಾರ ಜಲರಾಶಿಯನ್ನು ಕಂಡು, ಹಿಂದಿನವರಿಗೆ ಏನೋ ಹೇಳಿದ. ಹಿಂದಿನವರು ಒಪ್ಪಲಿಲ್ಲ; ತಳ್ಳಿದರು. ಆತ ನೀರಿಗೆ ಬಿದ್ದು ವೀರಸ್ವರ್ಗ ಸೇರಿದ. ಉಳಿದವರು ಬೆಲ್ಲದ ಡಬ್ಬಿಯತ್ತ ತಿರುಗಿದರು. ನೀಲಗಂಗಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬಾಹ್ಯಶತ್ರುಗಳ ಭಯ ಅಲ್ಲಿಗೆ ತೀರಿತು.

ಮಂಗಳವಾರ ಅವಳು ಬೂಷ್ಟು ಹಿಡಿದಿದೆಯೋ ಎಂದು ಮುಚ್ಚಳ ತೆಗೆದಳು. ಹಿಡಿದಿರಲಿಲ್ಲ. ಆದರೆ ಅಂಚು, ರುಚಿಗೆಂದು ಕತ್ತರಿಸಿದ ಆ ಅಂಚು, ಸ್ವಲ್ಪ ವಾರೆಯಾಗಿತ್ತು. ಸೊಟ್ಟಗಿರುವ ಗೆರೆಯನ್ನು ಕಂಡು ಸುಮ್ಮನಿರುವುದು ಸದ್ಗೃಹಿಣಿಯ ಲಕ್ಷಣವೇ? ಚಾಕು ತಂದು ನೇರ ಮಾಡಿದಳು. ನೇರ ಮಾಡುವಾಗ ಬಿದ್ದ ಎಳೆಯನ್ನು ಮತ್ತೆ ಡಬ್ಬಿಗೆ ಹಾಕಲಾಗುವುದಿಲ್ಲ. ಬಿಸಾಡುವುದು ಮಿತವ್ಯಯ-ಧರ್ಮಕ್ಕೆ ವಿರುದ್ಧ. ಹೀಗಾಗಿ ಉಳಿದದ್ದು ಒಂದೇ ದಾರಿ.

ಬುಧವಾರ ಅಂಚು ಮತ್ತೆ ವಾರೆಯಾಗಿತ್ತು. ತಾನೇ ನೇರ ಮಾಡಿಟ್ಟದ್ದು ರಾತ್ರೋರಾತ್ರಿ ಸೊಟ್ಟಗಾಗುವುದೆಂದರೇನು? ಚಾಕು ಮೊಂಡಾಗಿರಬೇಕೆಂದು ಕಲ್ಲಿಗೆ ಉಜ್ಜಿ, ಮತ್ತೆ ನೇರ ಮಾಡಿದಳು. ಗುರುವಾರ ಅವಳು ಒಳಗೆ ಬರುವ ಹೊತ್ತಿಗೆ ಬಸಲಿಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಏನ್ರಿ ಅತ್ತಿ?"

"ನೀರ ಕುಡ್ಯಾಕ ಹೋಗಿದ್ನೆವಾ. ಏನೀಗ?"

ಡಬ್ಬಿಯಲ್ಲಿ ಎಡಬದಿಯೂ ವಾರೆ. ಶುಕ್ರವಾರ ಗಂಡ ಈರಣ್ಣ, ಬಟ್ಟೆ ಅಂಗಡಿಯಿಂದ ಊಟಕ್ಕೆಂದು ಎಂದಿಗಿಂತ ಬೇಗ ಬಂದವನು, ಪರಾತದ ಮುಂದೆ ಬಗ್ಗಿ ನಿಂತಿದ್ದ. ಹೆಂಡತಿಯನ್ನು ಕಂಡು ನೆಟ್ಟಗಾದ.

"ಇರುವಿ ಬಂದಾವೇನ ಅಂತ ನೋಡಾಕತ್ತಿದ್ದೆ," ಎಂದ. "ನೀರ ಕಡಿಮಿ ಆಗಿತ್ತು. ಹಾಕೀನಿ."

"ಮೀಸಿಗೆ ಏನ್ರಿ ಅದು?"

"ದಾರ್ಯಾಗಿನ ಧೂಳಿರಬೇಕು."

ಅವಳ ನಾಲಗೆಯ ತುದಿಯವರೆಗೆ ಬ್ರಹ್ಮಾಸ್ತ್ರ ಬಂತು. ಬಿಡಲಿಲ್ಲ. ವಿಚಾರಣೆ ಹೂಡಿದರೆ ಚಾಕು ಯಾಕೆ ಇಷ್ಟು ಹರಿತವಾಗಿದೆಯೆಂಬ ಪ್ರಶ್ನೆಯೂ ಬರುತ್ತದೆ. ಹೀಗೆ ಆ ಮನೆಯ ಮೂವರು ವೀರರು, ಒಬ್ಬರಿಗೊಬ್ಬರು ತಿಳಿಯದಂತೆ, ತಿಳಿದರೂ ಕೇಳದಂತೆ, ನಾಲ್ಕು ದಿಕ್ಕಿನಿಂದಲೂ ಆ ಬ್ರೌನಿಯನ್ನು ನೇರ ಮಾಡುತ್ತ ಹೋದರು. ಶನಿವಾರ ನೀಲಗಂಗಾ ಮುಚ್ಚಳ ತೆಗೆದು, ಉಳಿದದ್ದನ್ನು ಬೆರಳಿನಿಂದ ಅಳೆದಳು. ಅಂದು ಮೊದಲ ಸಲ ಅವಳು ಚಾಕು ಹಿಡಿಯದೆ ಡಬ್ಬಿ ಮುಚ್ಚಿದಳು.

ರವಿವಾರ ಅನ್ನಪೂರ್ಣಾ ಬಂದಳು. ರೇಷ್ಮೆ ಸೀರೆ, ಕೈಯಲ್ಲಿ ಬಾಳೆಹಣ್ಣು, ಮುಖದಲ್ಲಿ ತೀರ್ಪು. ಕುಳಿತು ನೀರು ಕುಡಿದವಳೇ, "ಎಲ್ಲಿ, ತಾ ನೋಡೂಣು. ಬೂಷ್ಟ್ ಹಿಡದದ್ದು ತಿನ್ನಸಿ ನನ್ನ ದವಾಖಾನಿಗೆ ಹಾಕಬ್ಯಾಡ ಮತ್ತ," ಎಂದಳು.

ಡಬ್ಬಿ ತೆರೆಯಿತು. ಅಗಲವಾದ ಚೌಕದ ನಟ್ಟನಡುವೆ, ನಾಲ್ಕು ಬದಿಯೂ ನೂಲು ಹಿಡಿದು ಕೊರೆದಂತೆ, ಒಂದು ಸಾಬೂನಿನಷ್ಟು ಬ್ರೌನಿ ಮಲಗಿತ್ತು.

"ಇಷ್ಟ?"

ಬಸಲಿಂಗವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕತೊಡಗಿದಳು. ಈರಣ್ಣನಿಗೆ ಹೊರಗೆ ಯಾರೋ ಕರೆದಂತೆ ಕೇಳಿಸಿತು. ನೀಲಗಂಗೆಯ ಎದೆಯಲ್ಲಿ ಮತ್ತೆ ಗರ್ಜನೆ ಎದ್ದಿತು: 'ಗಾತ್ರವನ್ನು ನೋಡುವೆಯಾ, ಗರ್ವಿತೆ? ವಜ್ರವನ್ನು ಯಾರಾದರೂ ಗೋಣಿಚೀಲದಲ್ಲಿ ತುಂಬುವರೇ?' ಬಾಯಿ ಹೇಳಿತು: "ಸ್ವಲ್ಪನ ಮಾಡಿದ್ದೆ ಅಕ್ಕಾರ."

ಅನ್ನಪೂರ್ಣಾ ಎತ್ತಿ ಮೂಸಿದಳು. ತಿರುಗಿಸಿ ತಳ ನೋಡಿದಳು. ಬೂಷ್ಟಿನ ಸುಳಿವಿಲ್ಲ. ಕಚ್ಚಿದಳು. ದಿಕ್ಪಾಲಕರು ಉಸಿರು ಬಿಗಿಹಿಡಿದರು. ಓಣಿಯ ಮಗ್ಗಗಳೂ ಆ ಗಳಿಗೆ ಸುಮ್ಮನಾದವೆನ್ನಿಸಿತು. ಅವಳು ಅಗಿದಳು, ಕಣ್ಣು ಮುಚ್ಚಿದಳು, ಇನ್ನೊಮ್ಮೆ ಕಚ್ಚಿದಳು. ಯಾರಿಗೂ ಒಂದು ಚೂರು ಮುರಿದು ಕೊಡದೆ ಪೂರ್ತಿ ತಿಂದಳು. ಬೆರಳಿಗಂಟಿದ್ದನ್ನೂ ಬಿಡಲಿಲ್ಲ. ನೀಲಗಂಗಾ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದಳು. ಬಂತು, ಇನ್ನೇನು ಬಂತು, ಆ ಎರಡು ಶಬ್ದ.

"ಶೇಂಗಾ," ಎಂದಳು ಅನ್ನಪೂರ್ಣಾ. "ಶೇಂಗಾ ಚಲೋ ಹುರದಾವ."

"ಅವು ನಾ ಹುರದಿದ್ದು," ಎಂದಳು ಬಸಲಿಂಗವ್ವ, ಕ್ಯಾಲೆಂಡರಿನಿಂದ ತಿರುಗಿ.

"ಹೌದ್ರಿ ಅತ್ತಿ? ಅದಕ್ಕ ಮತ್ತ! ನಾ ಹುರದ್ರ ಒಳಗ ಹಸೀನ ಉಳೀತಾವ ನೋಡ್ರಿ."

ಸಮಸ್ತ-ಗೃಹಕೃತ್ಯ-ಭಾರಧಾರಿಣಿ, ಅಗ್ನಿಜಯಿನಿ, ಪಿಪೀಲಿಕಾ-ಮರ್ದಿನಿ ನೀಲಗಂಗಾ ಚಹಾಕ್ಕೆ ಇಡಲು ಒಳಗೆ ಹೋದಳು. ಪಡಸಾಲೆಯಲ್ಲಿ ಬಸಲಿಂಗವ್ವ ಹಿರಿಯ ಸೊಸೆಗೆ ಹೇಳಿಕೊಡುತ್ತಿದ್ದಳು: ಉರಿ ಸಣ್ಣಗಿರಬೇಕು, ಕೈ ಬಿಡದ ಆಡಸಬೇಕು, ಸಿಪ್ಪಿ ಚಟಚಟ ಅಂದಕೂಡಲೆ ಇಳಸಿಬಿಡಬೇಕು.