ಇಟಲಿಯ ಗುಡ್ಡದ ಮೇಲೆ ಕುಂದಾಪ್ರ ಕನ್ನಡ

ನಮ್ಮ ಮನೆಯವರು ಊರು ಬಿಟ್ಟು ಹೊರಟರೆ ಮಾತಿನದ್ದೇ ಏನಾದರೊಂದು ಎಡವಟ್ಟು ಆಗುತ್ತದೆ. ಮುಂಬೈಯಲ್ಲಿ ಆಗಿದೆ, ಮೈಸೂರಿನಲ್ಲಿ ಆಗಿದೆ. ಇಟಲಿಯಲ್ಲೂ ಆಯಿತು. ಹೊರಗೆ ಹೋದಾಗಲಾದರೂ ಭಾಷೆ ತಿದ್ದಿಕೊಳ್ಳಿ ಎಂದು ಹಲವರು ಹೇಳಿದ್ದಾರೆ. ತಿದ್ದಿಕೊಂಡಿಲ್ಲ.

1. ಕಲ್ಲುಹೂವು

ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಹಳೆಯ ಗೋಡೆಗಳ ಮೇಲೆ ಬೆಳೆಯುವ ಕಲ್ಲುಹೂವು ನನ್ನ ವಿಷಯ. ಮಸಾಲೆಗೆ ಹಾಕುವುದು ಅದರಲ್ಲಿ ಒಂದು ಜಾತಿ. ಉಳಿದವು ಕಲ್ಲಿಗೆ ಅಂಟಿದ ಬೂದು, ಹಳದಿ ಕಲೆಗಳಂತೆ ಇರುತ್ತವೆ. ಇಟಲಿಯ ಬೆಟ್ಟವೊಂದರ ತುದಿಯ ಪುಟ್ಟ ಹಳ್ಳಿಯಲ್ಲಿ ಶತಮಾನಗಳಷ್ಟು ಹಳೆಯ ಇಗರ್ಜಿಯಿದೆ. ಅದರ ಗೋಡೆಯಿಂದ ಮಾದರಿ ತಂದರೆ ನನಗೆ ಸಂಶೋಧನೆಗೆ ಸೀಟು. ತಾರದಿದ್ದರೆ ಇಲ್ಲ.

ಕೋಟೇಶ್ವರದ ಮಾವ ನಕ್ಕರು.

"ಕಲ್ಲ್‌ಹೂಗಿಗೆ ಇಟಲಿಗ್ ಹೋಯ್ಕಾ ಹೆಣೆ? ಕುಂದಾಪ್ರ ಸಂತಿಯಂಗೆ ರಾಶಿ ಸಿಕ್ಕತ್ತ್."

"ಅದ್ ಬೇರೆ ಜಾತಿ ಮಾವ."

"ಜಾತಿ ಕಂಡ್ ಮಸಾಲಿಗ್ ಹಾಕುದಾ?"

ಹೆಣ್ಣು ಹುಡುಗಿಯನ್ನು ಒಬ್ಬಳೇ ಕಳಿಸಬೇಡಿ ಎಂದೂ ಸೇರಿಸಿದರು. ಬೈಂದೂರಿನಲ್ಲಿ ಹೋಟೆಲು ನಡೆಸುತ್ತಿದ್ದ ದೊಡ್ಡಮ್ಮ, ಅಂದರೆ ಈ ಮಾವನ ಅಕ್ಕ, ಅಲ್ಲೇ ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು.

"ಒಬ್ಳೇ ಎಂತಕೆ? ನಾ ಹೋತೆ."

"ಅಕ್ಕ, ನಿಂಗೆ ಅಲ್ಲಿನ್ ಭಾಷಿ ಬತ್ತಾ?"

"ಅವ್ರಿಗ್ ನಂದ್ ಬತ್ತಾ?"

2. ನೋ

ಬಸ್ಸು ಗುಡ್ಡದ ಬುಡದವರೆಗೆ ಮಾತ್ರ. ಮೇಲೆ ಕಲ್ಲಿನ ಮೆಟ್ಟಿಲು, ಕಲ್ಲಿನ ಮನೆ, ಕೊಡೆ ಬಿಚ್ಚಿದರೆ ಎರಡೂ ಗೋಡೆಗೆ ತಾಗುವ ಓಣಿ. ಫೋನಿಗೆ ಸಿಗ್ನಲ್ ಇಲ್ಲ. ಕೈಯಲ್ಲಿ ಒಂದು ಸಣ್ಣ ನಿಘಂಟು.

ಕೆಳಗಿನ ಊರಿನ ಪಾದ್ರಿಗೆ ಇಂಗ್ಲಿಷ್ ಬರುತ್ತಿತ್ತು. "ನನ್ನ ಒಪ್ಪಿಗೆ ಇದೆ. ಆದರೆ ಇಗರ್ಜಿ ಅಂಗಳದ ಬೀಗದ ಕೈ ಮೇಲಿನ ಹಳ್ಳಿಯ ಒಬ್ಬ ಅಜ್ಜಿಯ ಹತ್ತಿರ ಇದೆ. ಅಜ್ಜಿಯ ಒಪ್ಪಿಗೆ ನನ್ನ ಕೈಯಲ್ಲಿಲ್ಲ" ಎಂದರು.

ಆ ಅಜ್ಜಿಯ ಮನೆ ನಮ್ಮ ಬಾಡಿಗೆ ಕೋಣೆಯ ಎದುರಿಗೇ. ನಾನು ಚಿಕ್ಕ ಚಾಕು, ಮಾದರಿಯ ಡಬ್ಬಿ ತೋರಿಸಿದೆ. ಅಕ್ಕಿ ಕಾಳಿನಷ್ಟು ಕೆರೆದರೆ ಸಾಕು ಎಂದು ಸನ್ನೆ ಮಾಡಿದೆ.

"ನೋ," ಎಂದರು ಅಜ್ಜಿ. "ನೋ, ನೋ, ನೋ."

ದೊಡ್ಡಮ್ಮ ನನ್ನ ಕೈ ಎಳೆದರು. "ಕೇಣ್, ನೋವ್ ನೋವ್ ಅಂಬ್ರ್ ಪಾಪ. ಈ ಮೆಟ್ಲ್ ಹತ್ತಿ ಹತ್ತಿ ಗಂಟ್ ನೋವೇ ಇರ್ಕ್."

"ನೋವಲ್ಲ ದೊಡ್ಡಮ್ಮ. ಆತಿಲ್ಲೆ ಅಂಬ್ರ್."

"ಗಂಟ್ ನೋವಿದ್ದೋರ್ ಎಂತಕ್ಕೂ ಆತಿಲ್ಲೆ ಅಂಬುದೇ."

ದೊಡ್ಡಮ್ಮನಿಗೆ 'ನೋ' ಗೊತ್ತಿಲ್ಲವೆಂದಲ್ಲ. ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ಕರ್ಪೂರ ಹಾಕಿದ ತೆಂಗಿನೆಣ್ಣೆ ತಂದು, ಅಜ್ಜಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಮಂಡಿಗೆ ತಿಕ್ಕತೊಡಗಿದರು. ಅಜ್ಜಿ "ನೋ!" ಎಂದು ಕೂಗಿದರು. ದೊಡ್ಡಮ್ಮ ಇನ್ನೂ ಗಟ್ಟಿಯಾಗಿ ತಿಕ್ಕಿದರು.

"ಕಂಡ್ಯಾ? ಸಮಾ ಜಾಗಕ್ಕೇ ಕೈ ಹಾಕಿದೆ."

3. ಎಂತ್ರಾ

ಮರುದಿನ ಅಜ್ಜಿಯ ಬಾಗಿಲು ತಟ್ಟಿದೆವು. ಒಳಗಿನಿಂದ ಸ್ವರ ಬಂತು: "ಎಂತ್ರಾ!"

ನಮ್ಮ ಕಡೆ 'ಎಂತ್ರಾ' ಎಂದರೆ 'ಏನ್ರೀ' ಎಂದು. ದೊಡ್ಡಮ್ಮನ ಮುಖ ಅರಳಿತು. "ಎಂತ್ರಾ ಅಂಬ್ರ್! ತಡಿ, ನಾ ಹೇಳ್ತೆ."

ಮುಚ್ಚಿದ ಬಾಗಿಲಿಗೆ ಹೇಳಲು ಶುರು ಮಾಡಿದರು. ಹುಡುಗಿ ಕಲಿತವಳು, ಗೋಡೆ ಒಡೆಯುವವಳಲ್ಲ, ಬರಿ ಪಾಚಿಯಂಥದ್ದು ಕೆರೆಯುವುದು, ಕೆರೆದರೆ ಗೋಡೆಯೂ ಚೊಕ್ಕ ಆಗುತ್ತದೆ. ಒಳಗಿನಿಂದ ಇನ್ನೂ ಜೋರಾಗಿ "ಎಂತ್ರಾ!" ದೊಡ್ಡಮ್ಮ ಇನ್ನೂ ಜೋರಾಗಿ ಮೊದಲಿನಿಂದ ಹೇಳಿದರು.

ನಾನು ನಿಘಂಟು ಹುಡುಕುತ್ತಿದ್ದೆ. 'ಒಳಗೆ ಬಾ' ಎಂಬ ಅರ್ಥ ಸಿಗುವಷ್ಟರಲ್ಲಿ ಅಜ್ಜಿಯೇ ಬಾಗಿಲು ತೆರೆದು ಹೊರಗೆ ಬಂದರು. ನನ್ನ ಡಬ್ಬಿ ನೋಡಿ "ನೋ" ಎಂದು ಬಾಗಿಲು ಹಾಕಿಕೊಂಡರು.

"ಒಳಗ್ ಬಾ ಅಂದದ್ದ್ ದೊಡ್ಡಮ್ಮ, ಎಂತ ಅಂತ ಕೇಂಡದ್ದಲ್ಲ."

"ಒಳಗ್ ಕರುಕೆ ಅಷ್ಟ್ ಬೊಬ್ಬೆ ಹೊಡಿಕಾ? ನಮ್ಮಲ್ಲಾರೆ ಬಾಗ್ಲ್ ತೆಗ್ದೇ ಇಡ್ತ್ರಪ್ಪ."

4. ಹ್ವಾಯ್

ನಮ್ಮಲ್ಲಿ ಮರ್ಯಾದೆಯಿಂದ ಕೂಗುವುದಾದರೆ 'ಹ್ವಾಯ್' ಎನ್ನುತ್ತೇವೆ. ದೊಡ್ಡಮ್ಮ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ಕೋಲೂರಿಕೊಂಡು ಹೋಗುತ್ತಿದ್ದ ಮುದುಕರೊಬ್ಬರನ್ನು "ಹ್ವಾಯ್!" ಎಂದು ಕರೆದರು, ಮೀನು ಎಲ್ಲಿ ಸಿಗುತ್ತದೆಂದು ಕೇಳಲು. ಮುದುಕರು ಬಂದರು, ನಕ್ಕರು, ಲೋಟ ತೆಗೆದುಕೊಂಡರು, ಕಾಫಿ ಕುಡಿದರು, ಲೋಟ ವಾಪಸು ಕೊಟ್ಟು ಹೋದರು.

ಮರುದಿನ ಇನ್ನೊಬ್ಬರನ್ನು ಕರೆದರು. ಅವರೂ ಕುಡಿದು ಹೋದರು. ವಾರ ಮುಗಿಯುವಷ್ಟರಲ್ಲಿ ಸಂಜೆ ಹೊತ್ತಿಗೆ ಕಿಟಕಿಯ ಕೆಳಗೆ ಇಡೀ ಊರೇ ನಿಲ್ಲುತ್ತಿತ್ತು. ಬೀಗದ ಅಜ್ಜಿ ಮಾತ್ರ ತಿರುಗಿ ನೋಡದೆ ಹೋಗುತ್ತಿದ್ದರು.

ನಿಘಂಟು ನೋಡಿದೆ. "ದೊಡ್ಡಮ್ಮ, ಇವ್ರ್ ಭಾಷಿಯಂಗೆ 'ವ್ವೊಯ್' ಅಂದ್ರೆ 'ಬೇಕಾ' ಅಂತ. ನೀ ಹ್ವಾಯ್ ಅಂದದ್ದ್ ಅವ್ರಿಗೆ ಹಂಗೆ ಕೇಣತ್ತ್. ಇನ್ ಹಂಗೆ ಕರಿಬೇಡ."

"ನಾ ಎಂತಕೆ ಬಿಡುದ್? ಬೇಡ ಅಂಬುಕ್ ಅವ್ರ್ ಕಲೀಲಿ."

5. ಶೀ

ಹೊರಡುವ ಹಿಂದಿನ ದಿನ. ನನ್ನ ಡಬ್ಬಿಗಳೆಲ್ಲ ಖಾಲಿ. ಮಾವನ ಮುಖ ಕಣ್ಣ ಮುಂದೆ ಬರುತ್ತಿತ್ತು. ಖಾಲಿ ಡಬ್ಬಿ ಹಿಡಿದು ಊರಿಗೆ ಹೋಗುವುದಿಲ್ಲ, ಅಜ್ಜಿಯ ಬಾಗಿಲಲ್ಲೇ ಕೂರುತ್ತೇನೆ ಎಂದೆ.

"ಉಂಡ್ಕಂಡ್ ಕೂತ್ಕೋ," ಎಂದರು ದೊಡ್ಡಮ್ಮ.

ಅಂದು ಗುಡ್ಡದ ಬುಡಕ್ಕೆ ಮೀನಿನ ವ್ಯಾನು ಬಂದಿತ್ತು. ಬಂಗಡೆ ತಂದು, ಊರಿನಿಂದ ತಂದ ಮಸಾಲೆ, ಕೊಬ್ಬರಿ, ಹುಳಿ ಹಾಕಿ ದೊಡ್ಡಮ್ಮ ಸಾರು ಮಾಡಿದರು. ಪರಿಮಳ ಓಣಿಯಲ್ಲಿ ಹಬ್ಬಿತು. ಬೀಗದ ಅಜ್ಜಿ ಮೊದಲ ಸಲ ನಮ್ಮ ಕಿಟಕಿಯ ಕೆಳಗೆ ನಿಂತರು.

"ಹ್ವಾಯ್!" ಎಂದರು ದೊಡ್ಡಮ್ಮ.

ಅಜ್ಜಿ ಒಳಗೆ ಬಂದು ಕುಳಿತರು. ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. ತಟ್ಟೆ ಬರಿದಾಯಿತು. ದೊಡ್ಡಮ್ಮ ಸೌಟು ಎತ್ತಿ ಹಿಡಿದು, "ಹ್ವಾಯ್, ಇನ್ನೊಂಚೂರ್?" ಎಂದರು.

ಇಟಲಿಯವರು 'ಹೌದು' ಎನ್ನಲು 'ಸೀ' ಎನ್ನುತ್ತಾರೆ. ಅಜ್ಜಿಗೆ ಮುಂದಿನ ಹಲ್ಲಿರಲಿಲ್ಲ. ಮೇಜು ಗುದ್ದಿ ಕೂಗಿದರು: "ಶೀ!"

ಸೌಟು ಗಾಳಿಯಲ್ಲೇ ನಿಂತಿತು. ಬೈಂದೂರಿನ ಹೋಟೆಲಿನಲ್ಲಿ ದೊಡ್ಡಮ್ಮನ ಸಾರಿಗೆ ಯಾರೂ ಶೀ ಎಂದಿರಲಿಲ್ಲ.

"ಶೀ ಅಂಬ್ರಾ? ನನ್ ಸಾರಿಗೆ ಶೀಯಾ? ಕೊಡಿ ಇಲ್ಲಿ ತಟ್ಟಿ!"

ತಟ್ಟೆ ಕಸಿದು ಬೆನ್ನ ಹಿಂದೆ ಹಿಡಿದರು.

"ದೊಡ್ಡಮ್ಮ, ಅದ್ 'ಹೌದು' ಅಂದದ್ದ್!"

"ಹೌದಾ? ಪೂರಾ ತಿಂದ್ಕಂಡ್ ಶೀ ಅಂಬುದ್ ಹೌದಾ?"

ಅಜ್ಜಿ ದೊಡ್ಡಮ್ಮನನ್ನು ನೋಡಿದರು. ಸಾರಿನ ಪಾತ್ರೆ ನೋಡಿದರು. ನನ್ನನ್ನು, ನನ್ನ ಖಾಲಿ ಡಬ್ಬಿಗಳನ್ನು ನೋಡಿದರು. ಇವರು ಯಾಕೆ ತಟ್ಟೆ ಹಿಡಿದಿಟ್ಟಿದ್ದಾರೆಂದು ಅವರಿಗೆ ಅರ್ಥವಾಯಿತು, ಅಥವಾ ಹಾಗೆಂದುಕೊಂಡರು. ದೊಡ್ಡದೊಂದು ಉಸಿರು ಬಿಟ್ಟು, ಏಪ್ರನ್ ಜೇಬಿಗೆ ಕೈ ಹಾಕಿ, ಗೇಣುದ್ದದ ಕಬ್ಬಿಣದ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟರು.

ಅಜ್ಜಿಯ ಮನಸ್ಸು ಬದಲಾಗುವ ಮೊದಲು ನಾನು ಅದನ್ನು ಎತ್ತಿಕೊಂಡೆ.

ದೊಡ್ಡಮ್ಮನ ಸಿಟ್ಟು ಇಳಿಯಿತು. ತಟ್ಟೆಯನ್ನು ಮತ್ತೆ ಅಜ್ಜಿಯ ಮುಂದಿಟ್ಟು ನನಗೆ ಹೇಳಿದರು:

"ಹೋಯ್ಲಿ ಬಿಡ್ ಹೆಣೆ, ಶೀ ಅಂದದ್ದಕ್ಕೆ ತಪ್ಪ್ ಕಾಣ್ಕಿ ಹಾಕಿರ್. ದೊಡ್ಡ್ ಹೋಳ್ ಕಂಡ್ ಬಡ್ಸ್."