ಮೀನಿನ ತೊಟ್ಟಿಯ ನೈಋತ್ಯದ ಕಲ್ಲು

ಮೇಷ್ಟ್ರ ಕೆಲಸ ಅಂದರೆ ಪಾಠ ಹೇಳೋದು ಅಂತ ಯಾರಾದರೂ ಅಂದುಕೊಂಡಿದ್ದರೆ, ಅವರು ನಮ್ಮ ಹೆಡ್‌ಮಾಸ್ತರನ್ನು ಕಂಡವರಲ್ಲ. ಐವತ್ತರ ದಶಕ. ರಾಜಾಜಿನಗರ ಇನ್ನೂ ಅರ್ಧ ಮನೆ, ಅರ್ಧ ಬಯಲು. ಅಲ್ಲಿನ ಒಂದು ಹೊಸ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಏನಾದರೊಂದು ಫಜೀತಿ ಆಗದೆ ಅಲ್ಲಿ ಸಂಜೆ ಗಂಟೆ ಹೊಡೆದದ್ದೇ ಇಲ್ಲ. ಒಂದೇ ವಾರದಲ್ಲಿ ಆದದ್ದನ್ನಷ್ಟೇ ಹೇಳುತ್ತೇನೆ.

೧. ಬಿಸಿನೀರು

ನಮ್ಮ ಸ್ಕೂಲಿಗೆ ಇನ್ನೂ ಮಾನ್ಯತೆ ಸಿಕ್ಕಿರಲಿಲ್ಲ. ಇನ್‌ಸ್ಪೆಕ್ಟರು ಬಂದು ನೋಡಿ ಹೂಂ ಅಂದರೆ ಉಳಿದುಕೊಂಡೆವು. ಊಹೂಂ ಅಂದರೆ ಹುಡುಗರು ಬೇರೆ ಸ್ಕೂಲಿಗೆ, ನಾವು ಬೀದಿಗೆ. ನನಗೋ ಆಗತಾನೇ ಮದುವೆಯಾಗಿತ್ತು. "ಕೆಲಸ ಕಾಯಂ ತಾನೇ?" ಅಂತ ಮಾವನವರು ಕಂಡಾಗಲೆಲ್ಲ ಕೇಳುತ್ತಿದ್ದರು. ನಾನು ಕೆಮ್ಮುತ್ತಿದ್ದೆ.

"ಲ್ಯಾಬೊರೇಟರಿ ಎಲ್ಲಿ ಅಂತ ಕೇಳಿದ್ರೆ ಏನ್ರೀ ತೋರ್ಸೋದು?" ಅಂದರು ಹೆಡ್‌ಮಾಸ್ತರು.

"ಒಂದು ತಕ್ಕಡಿ ಇದೆ ಸಾರ್."

ಮಾರನೆಯ ದಿನ ಎಲ್ಲಿಂದಲೋ ಟ್ರಂಕಿಗಿಂತ ದೊಡ್ಡ ಗಾಜಿನ ತೊಟ್ಟಿ ಬಂತು. "ಗಿಡ, ಕಲ್ಲು, ಮೀನು ಹಾಕಿ. ಕೆರೆ ತಳವನ್ನೇ ಎತ್ತಿ ತಂದ ಹಾಗಿರ್ಬೇಕು!" ಅಂತ ಅಪ್ಪಣೆಯಾಯಿತು.

ಅತ್ತಿಗುಪ್ಪೆ ಕಡೆಯ ಕೆರೆಯಿಂದ ನೀರುಗಿಡ, ಒಂದು ಬಕೆಟ್ಟಿನಲ್ಲಿ ಮೀನು ತಂದೆ, ಗಿಡ ಮರಳಿನಲ್ಲಿ ನೆಟ್ಟೆ, ನೀರು ತುಂಬಿಸಿದೆ, ಪಾಠಕ್ಕೆ ಹೋದೆ. ಕಲ್ಲು ಜೋಡಿಸುವ ಆಸೆ ಹೆಡ್‌ಮಾಸ್ತರಿಗೆ ತಡೆಯಲಾಗಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಬಿಳಿ ಕಲ್ಲುಗಳನ್ನು ಆರಿಸಿ ತಂದು ತಾವೇ ತೊಟ್ಟಿಗೆ ಹಾಕಿದರು. ಚುರ್ರ್ ಅಂತ ಸದ್ದು, ಬುಸಬುಸ ಹಬೆ! ನಾನು ಓಡಿಬಂದೆ.

"ಸಾರ್, ಗೋಡೆಗೆ ಬಳಿಯೋಕೆ ತಂದ ಸುಟ್ಟ ಸುಣ್ಣದ ಕಲ್ಲು ಸಾರ್ ಅದು! ನೀರು ಸೋಕಿದ್ರೆ ಕುದಿಯುತ್ತೆ!"

ಸದ್ಯ, ಮೀನು ಇನ್ನೂ ಬಕೆಟ್ಟಿನಲ್ಲೇ ಇದ್ದವು. ಗಾಜೂ ಒಡೆದಿರಲಿಲ್ಲ. ಹೋದ ಜೀವ ಬಂದ ಹಾಗಾಯಿತು. ಹೆಡ್‌ಮಾಸ್ತರು ಮಾತ್ರ ಕನ್ನಡಕ ಒರೆಸಿಕೊಳ್ಳುತ್ತಾ, "ಅಲ್ರೀ, ಬಿಸಿನೀರಲ್ಲಿ ಬದುಕೋ ಜಾತಿ ಮೀನು ಸಿಗೋದಿಲ್ವೇ?" ಅಂದರು.

೨. ಗುಡ್ಡ

ಸುಣ್ಣ ಕೆರೆದು ತೆಗೆದು, ತೊಟ್ಟಿ ತೊಳೆದು, ಮತ್ತೆ ಗಿಡ ನೆಟ್ಟಿದ್ದಾಯಿತು. ಈಗ ಹೆಡ್‌ಮಾಸ್ತರಿಗೆ ಒಳಗೊಂದು ಗುಡ್ಡ ಬೇಕು ಅನ್ನಿಸಿತು. ನಮ್ಮ ಡ್ರಿಲ್ ಮೇಷ್ಟ್ರಿಗೆ ಹೇಳಿದರು. ಆ ಪುಣ್ಯಾತ್ಮ ಹೇಳಿದ ಕೆಲಸ ಮಾಡುವವರೇ ಹೊರತು ಯಾಕೆ ಅಂತ ಕೇಳುವವರಲ್ಲ. ಸ್ಕೂಲಿನ ಹಿಂದಿನ ಬಯಲಿಗೆ ಹೋಗಿ ಮೊಳದುದ್ದದ ಕಲ್ಲೊಂದನ್ನು ಹೆಗಲ ಮೇಲೆ ಹೊತ್ತು ತಂದರು. ನಾಲ್ಕೂ ಮೂಲೆ ಚೌಕವಾಗಿ ಕೆತ್ತಿದ್ದ ಕಲ್ಲು. ಒಂದು ಮುಖದಲ್ಲಿ ನಂಬರು.

ನಂಬರು ಕಂಡು ನಾನು ಕೂಗಿದೆ. "ರೀ, ಇದು ಯಾರದ್ದೋ ಸೈಟಿನ ಮೂಲೆ ಕಲ್ಲು ಕಣ್ರೀ!"

"ಹೌದಾ ಸಾರ್? ಅದಕ್ಕೇ ಕೀಳೋಕೆ ಅಷ್ಟು ಕಷ್ಟ ಆಯ್ತು!"

"ಈಗ್ಲೇ ಹೋಗಿ ಇದ್ದ ಜಾಗದಲ್ಲೇ ಹೂಳಿ ಬನ್ನಿ."

ಡ್ರಿಲ್ ಮೇಷ್ಟ್ರು ಕಿಟಕಿಯಿಂದ ಬಯಲು ನೋಡಿದರು. ಕಣ್ಣು ಹಾಯುವಷ್ಟು ದೂರ ಲಂಟಾನದ ಪೊದೆಗಳು. "ಜಾಗ ಚೆನ್ನಾಗಿ ಜ್ಞಾಪಕ ಇದೆ ಸಾರ್. ಅಲ್ಲೊಂದು ಪೊದೆ ಇತ್ತು" ಅಂದರು.

೩. ದಿಕ್ಕು

ಅಷ್ಟರಲ್ಲಿ ಹೆಡ್‌ಮಾಸ್ತರು ಕಲ್ಲು ನೋಡಿ ಕುಣಿದಾಡಿಬಿಟ್ಟರು. ಅವರು ಆಗ ಮನೆ ಕಟ್ಟಿಸುತ್ತಿದ್ದರು, ತಲೆ ತುಂಬ ವಾಸ್ತು. "ಭಾರ ಯಾವತ್ತೂ ನೈಋತ್ಯಕ್ಕಿರ್ಬೇಕು" ಅಂತ ತೊಟ್ಟಿಯ ಹಿಂದಿನ ಮೂಲೆ ತೋರಿಸಿದರು. ಅದು ನೈಋತ್ಯವೋ ಅಲ್ಲವೋ, ನೋಡುವ ಗೋಜಿಗೆ ನಾನು ಹೋಗಲಿಲ್ಲ. ನಂಬರು ಗೋಡೆ ಕಡೆಗೆ ಬರುವ ಹಾಗೆ ಕಲ್ಲು ನಿಲ್ಲಿಸಿದೆ, ಸುತ್ತ ಸಣ್ಣ ಕಲ್ಲು ಪೇರಿಸಿದೆ, ಮುಂದೆ ಗಿಡ ನೆಟ್ಟೆ. ಮೀನೂ ಬಿಟ್ಟೆ. ನಿಜ ಹೇಳಬೇಕಂದರೆ ನೋಡೋಕೆ ಲಕ್ಷಣವಾಗಿಯೇ ಇತ್ತು. ಇನ್‌ಸ್ಪೆಕ್ಷನ್ ಒಂದು ಮುಗಿದರೆ ಸಾಕು, ಸೈಟಿನವರನ್ನು ಹುಡುಕಿ ಒಪ್ಪಿಸೋಣ ಅಂದುಕೊಂಡೆ.

ಇನ್‌ಸ್ಪೆಕ್ಷನ್ ದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಳಗೆ ಬಂದರೆ, ಹೆಡ್‌ಮಾಸ್ತರು ಬೆವರುತ್ತಾ ನಿಂತಿದ್ದಾರೆ.

"ಕೆಟ್ಟೋಗಿತ್ತು ಕಣ್ರೀ! ಆ ಮೂಲೆ ಈಶಾನ್ಯ. ಈಶಾನ್ಯದಲ್ಲಿ ಭಾರ ಇಟ್ರೆ ಸ್ಕೂಲು ಉಳಿಯುತ್ತಾ?"

"ಮತ್ತೆ ಕಲ್ಲು ಕಿತ್ರಾ ಸಾರ್?"

"ಕಲ್ಲು ಯಾಕೆ ಕೀಳ್ಬೇಕು? ಅರ್ಧ ನೀರು ತೆಗ್ಸಿ ತೊಟ್ಟಿಯನ್ನೇ ತಿರುಗ್ಸಿದ್ವಿ. ಸಣ್ಣ ಕಲ್ಲೆಲ್ಲ ಉರುಳಿದ್ವು, ಉರುಳ್ಲಿ ಬಿಡಿ. ದೊಡ್ಡದು ಕದಲಿಲ್ಲ!"

ಹಿಂದು ಮುಂದಾಗಿತ್ತು. ನಂಬರು ನಮ್ಮನ್ನೇ ನೋಡುತ್ತಿತ್ತು. "ಪಾಚಿ ಹಿಡಿದಿತ್ತು ಸಾರ್, ನಾನೇ ಚೆನ್ನಾಗಿ ಉಜ್ಜಿದೆ" ಅಂದರು ಡ್ರಿಲ್ ಮೇಷ್ಟ್ರು.

೪. ಇನ್‌ಸ್ಪೆಕ್ಟರು

ಮುಚ್ಚೋಣ ಅನ್ನುವಷ್ಟರಲ್ಲಿ ಇನ್‌ಸ್ಪೆಕ್ಟರು ಬಂದೇಬಿಟ್ಟರು. ಪಂಚೆಗೆಲ್ಲ ಮುಳ್ಳು, ಮುಖ ಕೆಂಪು.

"ತಡ ಆಯ್ತು ಕಣ್ರೀ. ಇಲ್ಲೇ ಹಿಂದ್ಗಡೆ ನನ್ನದೊಂದು ಸೈಟಿದೆ. ನೋಡ್ಕೊಂಡು ಬರೋಣ ಅಂತ ಹೋದೆ. ಮೂರು ಮೂಲೆ ಕಲ್ಲು ಇದೆ, ನಾಲ್ಕನೇದು ಮಾಯ! ಯಾರೋ ದರಿದ್ರದವನು ಕಿತ್ಕೊಂಡು ಹೋಗಿದಾನೆ."

ಡ್ರಿಲ್ ಮೇಷ್ಟ್ರು ತಾವಾಗಿಯೇ ಅಟೆನ್ಷನ್‌ನಲ್ಲಿ ನಿಂತರು. ನನಗೆ ಮಾವನವರ ಮುಖ ಕಣ್ಮುಂದೆ ಬಂತು. ಏನೂ ಅರಿಯದ ಹೆಡ್‌ಮಾಸ್ತರು ನಗುನಗುತ್ತಾ ಅವರನ್ನು ನೇರ ತೊಟ್ಟಿಯ ಮುಂದೆ ತಂದು ನಿಲ್ಲಿಸಿದರು.

ಇನ್‌ಸ್ಪೆಕ್ಟರು ಬಗ್ಗಿದರು. ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು.

"ಈ ಕಲ್ಲು ಇಲ್ಲಿಟ್ಟವರು ಯಾರು?"

"ನಾನೇ ಸಾರ್!" ಅಂದರು ಹೆಡ್‌ಮಾಸ್ತರು, ಎದೆಯುಬ್ಬಿಸಿ. "ಭಾರ ನೈಋತ್ಯಕ್ಕಿರ್ಬೇಕು ಅಂತ ನಾನೇ ಇಡ್ಸಿದ್ದು."

"ನನ್ನ ಸೈಟಲ್ಲೂ ಅದು ನೈಋತ್ಯದಲ್ಲೇ ಇತ್ತು ಕಣ್ರೀ."

 ಇನ್‌ಸ್ಪೆಕ್ಟರು ಹೆಡ್‌ಮಾಸ್ತರನ್ನು ನೋಡಿದರು, ನನ್ನನ್ನು ನೋಡಿದರು, ಕಲ್ಲಿನ ಪಕ್ಕ ಬಾಲ ಆಡಿಸುತ್ತಿದ್ದ ಮೀನುಗಳನ್ನು ನೋಡಿದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ನಗು ಬಂತು. "ನಾನಿನ್ನೂ ಪಾಯ ತೋಡ್ಸಿಲ್ಲ, ಇವು ಆಗ್ಲೇ ಗೃಹಪ್ರವೇಶ ಮಾಡ್ಕೊಂಡು ಕೂತಿವೆಯಲ್ರೀ!"

ಅಬ್ಬಾ, ಆ ನಗು ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು. ತರಗತಿಗಳನ್ನೆಲ್ಲ ನೋಡಿ, ಹುಡುಗರನ್ನು ಪ್ರಶ್ನೆ ಕೇಳಿ, "ಮಾನ್ಯತೆಗೆ ಬರೀತೀನಿ. ಸಂಜೆಯೊಳಗೆ ನನ್ನ ಕಲ್ಲು ನನ್ನ ಸೈಟಿಗೆ ಹೋಗ್ಬೇಕು, ಅಷ್ಟೇ" ಅಂದರು. ಇನ್ನು ಮಾವನವರು ಕೇಳಿದರೆ ಕೆಮ್ಮಬೇಕಾಗಿರಲಿಲ್ಲ.

ಅಪ್ಪಣೆ ಕಿವಿಗೆ ಬಿದ್ದದ್ದೇ ತಡ, ಡ್ರಿಲ್ ಮೇಷ್ಟ್ರು ಅಂಗಿಯ ತೋಳು ಮಡಚಿ ತೊಟ್ಟಿಗೆ ಎರಡೂ ಕೈ ಇಳಿಸಿದರು. ಮೀನುಗಳು ದಿಕ್ಕಾಪಾಲಾಗಿ ಓಡಿದವು.

ಇನ್‌ಸ್ಪೆಕ್ಟರು ಬಾಗಿಲಿನಿಂದಲೇ ಕೂಗಿದರು: "ನಿಧಾನ ಕಣ್ರೀ! ಒಳಗಿರೋರಿಗೆ ಮೊದಲು ಬೇರೆ ಮನೆ ನೋಡಿ, ಆಮೇಲೆ ಖಾಲಿ ಮಾಡ್ಸಿ!"